ಬಗ್ಗಿ ನೋಡಿದರೆ ಕಾಣುವ ಚಿತ್ರ

ನಿಮ್ಮ ಬೀರುವಿನಲ್ಲಿ ಹಳೆಯ ಮತದಾರರ ಗುರುತಿನ ಚೀಟಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರ ಮೇಲೆ ಬೆಳ್ಳಿಯ ಬಣ್ಣದ ಪುಟ್ಟ ಮುದ್ರೆಯೊಂದು ಅಂಟಿಕೊಂಡಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರೆ ಕಾಮನಬಿಲ್ಲಿನ ಬಣ್ಣಗಳು ಅದರ ಮೇಲೆ ಓಡಾಡುತ್ತವೆ. ಬ್ಯಾಂಕಿನ ಕಾರ್ಡಿನ ಮೇಲೆ, ಔಷಧಿಯ ಡಬ್ಬದ ಮೇಲೆ ಇಂಥದೇ ಮುದ್ರೆ ಇರುವುದನ್ನು ನೀವು ಕಂಡಿರಬಹುದು. ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲಿ ಎಂದು ಅಂಟಿಸಿದ ಇದರ ಹೆಸರು ಹೊಲೊಗ್ರಾಂ. ಡಬ್ಬ ಖಾಲಿಯಾದ ಕೂಡಲೇ ಕಸದ ಬುಟ್ಟಿ ಸೇರುವ ಈ ಅಗ್ಗದ ವಸ್ತುವಿನ ಹಿಂದೆ ಒಂದು ನೊಬೆಲ್ ಬಹುಮಾನವಿದೆ.

ನಾನು ಹೇಳಹೊರಟಿರುವುದು ಇದರ ತಂಗಿಯ ಕತೆ. ಟಿ.ವಿ.ಯ ಚಿತ್ರದಂತೆ ಚಲಿಸುವ, ಕನ್ನಡಕದ ಹಂಗಿಲ್ಲದೆ ಪಕ್ಕಕ್ಕೆ ಬಗ್ಗಿ ನೋಡಬಹುದಾದ ಹೊಲೊಗ್ರಾಂ ವಿಡಿಯೊದ ಕತೆ. ಅಕ್ಕ ಊರೂರು ಸುತ್ತುತ್ತಿದ್ದಾಳೆ. ತಂಗಿ ಹುಟ್ಟಿ ಮೂವತ್ತೈದು ವರ್ಷ ದಾಟಿದರೂ ಪ್ರಯೋಗಶಾಲೆಯ ಹೊಸ್ತಿಲಾಚೆ ಸಂಸಾರ ಹೂಡಲಿಲ್ಲ. ಕಾರಣ ಮುಖ್ಯವಾಗಿ ದುಡ್ಡು. ಇವಳನ್ನು ಸಾಮಾನ್ಯರ ಮನೆಗೆ ತರಬೇಕೆಂದು ಕೆಲವರು ಪಟ್ಟ ಪಾಡು ನನಗೆ ಮೂಲ ಆವಿಷ್ಕಾರಕ್ಕಿಂತಲೂ ಸ್ವಾರಸ್ಯದ್ದಾಗಿ ಕಾಣುತ್ತದೆ.

ಮೊದಲು ಆವಿಷ್ಕಾರ. ಡೆನ್ನಿಸ್ ಗೇಬರ್ ಬುಡಾಪೆಸ್ಟ್‌ನಲ್ಲಿ 1900ರಲ್ಲಿ ಹುಟ್ಟಿದವರು. ಬರ್ಲಿನ್ನಿನಲ್ಲಿ ಓದಿ ಕೆಲಸಕ್ಕಿದ್ದ ಈ ಯೆಹೂದಿ ಮೂಲದ ಇಂಜಿನಿಯರ್, ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು ಕೊನೆಗೆ ಇಂಗ್ಲೆಂಡ್ ಸೇರಿದರು. ರಗ್ಬಿ ಎಂಬ ಊರಿನ ಬ್ರಿಟಿಷ್ ಥಾಮ್ಸನ್-ಹ್ಯೂಸ್ಟನ್ ಕಂಪನಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದರು. 1947ರ ಈಸ್ಟರ್ ಹಬ್ಬದ ದಿನ ಟೆನ್ನಿಸ್ ಆಡಲು ತಮ್ಮ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತ ಕೂತಿದ್ದಾಗ ಉಪಾಯ ಹೊಳೆಯಿತಂತೆ. ಕಾಯುವುದೂ ಒಂದು ಕೆಲಸವೇ ಎಂದು ನಮ್ಮ ಮನೆಗಳಲ್ಲಿ ಯಾರೂ ಒಪ್ಪುವುದಿಲ್ಲ, ಇರಲಿ.

ಉಪಾಯ ಹೀಗಿದೆ. ಕಲ್ಯಾಣಿಯ ನಿಂತ ನೀರಿಗೆ ಎರಡು ಕಲ್ಲು ಹಾಕಿ. ಎರಡು ಸುತ್ತು ಅಲೆಗಳು ಏಳುತ್ತವೆ. ಅವು ಒಂದನ್ನೊಂದು ಹಾಯ್ದಲ್ಲಿ ಕೆಲವೆಡೆ ನೀರು ಉಬ್ಬುತ್ತದೆ, ಕೆಲವೆಡೆ ಸುಮ್ಮನಾಗುತ್ತದೆ. ನೀರಿನ ಮೇಲೊಂದು ರಂಗೋಲಿ ಬಿದ್ದಂತಾಗುತ್ತದೆ. ಬೆಳಕೂ ಅಲೆಯೇ. ಒಂದು ವಸ್ತುವಿನ ಮೇಲೆ ಬಿದ್ದು ಚದುರಿ ಬಂದ ಬೆಳಕನ್ನೂ, ಅದೇ ದೀಪದಿಂದ ನೇರವಾಗಿ ಬಂದ ಬೆಳಕನ್ನೂ ಫೋಟೋ ತಟ್ಟೆಯ ಮೇಲೆ ಕೂಡಿಸಿದರೆ ಅಲ್ಲೂ ರಂಗೋಲಿ ಮೂಡುತ್ತದೆ. ಮುಂದೆ ಎಂದಾದರೂ ಆ ತಟ್ಟೆಗೆ ಅಂಥದೇ ಬೆಳಕು ಹಾಯಿಸಿದರೆ, ವಸ್ತುವಿನಿಂದ ಹೊರಟಿದ್ದ ಅಲೆಯೇ ಮತ್ತೆ ಎದ್ದು ಬರುತ್ತದೆ. ಕಣ್ಣಿಗೆ ವಸ್ತು ಅಲ್ಲೇ ಇದೆ ಎಂದು ತೋರುತ್ತದೆ. ಫೋಟೋದಲ್ಲಿ ಲೋಟದ ಹಿಂದಿರುವ ಚಮಚ ಎಂದೆಂದಿಗೂ ಮರೆಯಾಗಿಯೇ ಇರುತ್ತದೆ. ಹೊಲೊಗ್ರಾಮಿನಲ್ಲಾದರೆ ತಲೆ ಪಕ್ಕಕ್ಕೆ ಸರಿಸಿದರೆ ಸಾಕು, ಚಮಚ ಕಾಣುತ್ತದೆ. ತಟ್ಟೆ ಒಡೆದರೆ ಪ್ರತಿ ಚೂರಿನಲ್ಲೂ ಇಡೀ ದೃಶ್ಯ ಉಳಿದಿರುತ್ತದೆ. ನೋಡುವ ಕಿಟಕಿ ಮಾತ್ರ ಕಿರಿದಾಗುತ್ತದೆ.

ಗೇಬರ್ ಬಳಿ ಇದ್ದದ್ದು ಪಾದರಸದ ದೀಪ. ಅಲೆಗಳೆಲ್ಲ ಕವಾಯತಿನ ಹುಡುಗರಂತೆ ಹೆಜ್ಜೆ ಕೂಡಿಸುವ ಬೆಳಕು ಬೇಕಿತ್ತು. ಅದು ಸಿಕ್ಕಿದ್ದು 1960ರಲ್ಲಿ ಲೇಸರ್ ಬಂದ ಮೇಲೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಯೂರಿಸ್ ಉಪಾತ್ನಿಯೆಕ್ಸ್ 1964ರಲ್ಲಿ ಆಟಿಕೆ ರೈಲೊಂದರ ಹೊಲೊಗ್ರಾಂ ತೋರಿಸಿದಾಗ ಕಂಡವರು ದಂಗಾದರು. ರಷ್ಯದಲ್ಲಿ ಯೂರಿ ಡೆನಿಸ್ಯುಕ್ 1962ರಲ್ಲೇ ಬೇರೊಂದು ದಾರಿಯಿಂದ ಅಲ್ಲಿಗೆ ತಲುಪಿದ್ದರು. ಗೇಬರ್‌ಗೆ 1971ರಲ್ಲಿ ನೊಬೆಲ್ ಬಂತು.

ಆದರೆ ಈ ಚಿತ್ರಗಳಲ್ಲಿ ಎಲ್ಲವೂ ಕಲ್ಲಿನಂತೆ ನಿಂತಿರಬೇಕಿತ್ತು. ಚಿತ್ರ ತೆಗೆಯುವಾಗ ವಸ್ತು ಕೂದಲೆಳೆಯ ನೂರನೆಯ ಒಂದು ಪಾಲಿನಷ್ಟು ಅಲುಗಿದರೂ ರಂಗೋಲಿ ಅಳಿಸಿಹೋಗುತ್ತದೆ, ಅಲುಗಿದ ಜಾಗ ಕಪ್ಪು ಪೊಳ್ಳಾಗಿ ಉಳಿಯುತ್ತದೆ. ಇಂಗ್ಲೆಂಡಿನ ಕಲಾವಿದೆ ಮಾರ್ಗರೆಟ್ ಬೆನ್ಯನ್ ಈ ದೋಷವನ್ನೇ ಕಲೆ ಮಾಡಿಕೊಂಡರು. ಹೊಲೊಗ್ರಫಿಯನ್ನು ಕಲೆಗೆ ಬಳಸಿದ ಮೊದಲಿಗರಲ್ಲಿ ಒಬ್ಬರು ಅವರು. ಗಂಡಸರೇ ತುಂಬಿದ್ದ ಲೇಸರ್ ಪ್ರಯೋಗಶಾಲೆಗಳಿಗೆ 1968ರಲ್ಲಿ ಒಬ್ಬ ಚಿತ್ರಕಾರ್ತಿ ಹೋಗಿ ನನಗೂ ಜಾಗ ಕೊಡಿ ಎಂದು ಕೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಊಹಿಸಿಕೊಳ್ಳಿ. ಅಮೆರಿಕದಲ್ಲಿ ಹ್ಯಾರಿಯೆಟ್ ಕ್ಯಾಸ್ಡಿನ್-ಸಿಲ್ವರ್ ಎಂಬಾಕೆ ಇದೇ ಹಾದಿ ತುಳಿದರು. ನ್ಯೂಯಾರ್ಕಿನಲ್ಲಿ 1976ರಲ್ಲಿ ಹೊಲೊಗ್ರಫಿಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆದ ಪೋಸಿ ಜಾಕ್ಸನ್ ಕೂಡ ಹೆಣ್ಣುಮಗಳೇ. ಆ ಸಂಗ್ರಹಾಲಯ 1992ರಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ಸಂಗ್ರಹ ಎಂ.ಐ.ಟಿ. ಎಂಬ ಹೆಸರಾಂತ ತಾಂತ್ರಿಕ ವಿದ್ಯಾಲಯದ ಪಾಲಾಯಿತು.

ಅಲುಗದೆ ನಿಲ್ಲಿಸಲು ಪ್ರಯೋಗಶಾಲೆಯವರು ಟನ್ನುಗಟ್ಟಲೆ ತೂಕದ, ದುಬಾರಿ ಮೇಜುಗಳನ್ನು ಬಳಸುತ್ತಿದ್ದರು. ಲಾಯ್ಡ್ ಕ್ರಾಸ್ ಎಂಬ ಭೌತಶಾಸ್ತ್ರಜ್ಞ ಮತ್ತು ಜೆರ್ರಿ ಪೆಥಿಕ್ ಎಂಬ ಶಿಲ್ಪಿ ಅದಕ್ಕೊಂದು ಬದಲಿ ಹುಡುಕಿದರು. ಏನು ಗೊತ್ತೆ? ಮರಳು. ದೊಡ್ಡ ಪೆಟ್ಟಿಗೆಯ ತುಂಬ ಮರಳು ಸುರಿದು, ಗಾಳಿ ತುಂಬಿದ ಟ್ಯೂಬುಗಳ ಮೇಲೆ ಕೂರಿಸಿ, ಮಸೂರ ಕನ್ನಡಿಗಳನ್ನು ಪ್ಲಾಸ್ಟಿಕ್ ಕೊಳವೆಗಳಿಗೆ ಸಿಕ್ಕಿಸಿ ಆ ಮರಳಿನಲ್ಲಿ ನೆಟ್ಟರು. ಉಪ್ಪಿನಕಾಯಿ ಜಾಡಿ ಉರುಳದಿರಲೆಂದು ಮರಳಿನಲ್ಲಿ ಹೂತಿಡುತ್ತಿದ್ದ ನಮ್ಮಜ್ಜಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕ್ರಾಸ್ 1970ರ ದಶಕದ ಆರಂಭದಲ್ಲಿ ಹೊಲೊಗ್ರಫಿ ಶಾಲೆಯನ್ನೇ ತೆರೆದರು. ವಿಜ್ಞಾನ ಓದದ ಹುಡುಗ ಹುಡುಗಿಯರೂ ಅಲ್ಲಿ ಬಂದು ಕಲಿತರು.

ಅದೇ ಕ್ರಾಸ್ 1974ರಲ್ಲಿ ‘ಕಿಸ್ 2’ ಎಂಬುದನ್ನು ಮಾಡಿದರು. ಬಾಗಿದ ಪಾರದರ್ಶಕ ಹಾಳೆ, ಅದರ ಕೆಳಗೊಂದು ಸಾಧಾರಣ ಬಲ್ಬು. ಹಾಳೆಯ ಎದುರು ನೀವು ಎಡದಿಂದ ಬಲಕ್ಕೆ ನಡೆದರೆ, ಗಾಳಿಯಲ್ಲಿ ತೇಲಿದಂತೆ ಕಾಣುವ ಯುವತಿಯೊಬ್ಬಳು ನಿಮ್ಮತ್ತ ಮುತ್ತೊಂದನ್ನು ಊದಿ ಕಣ್ಣು ಮಿಟುಕಿಸುತ್ತಾಳೆ. ಸಿನಿಮಾ ಕ್ಯಾಮೆರಾದಲ್ಲಿ ತೆಗೆದ ನೂರಾರು ಚೌಕಟ್ಟುಗಳನ್ನು ತೆಳ್ಳನೆಯ ಪಟ್ಟಿಗಳಾಗಿ ಹೊಲೊಗ್ರಾಮಿಗೆ ಇಳಿಸಿದ್ದರು. ನೀವು ನಿಂತರೆ ಅವಳೂ ನಿಲ್ಲುತ್ತಾಳೆ. ನಿಮ್ಮ ನಡಿಗೆಯೇ ಅವಳ ಜೀವ. ಎರಡು ವರ್ಷದ ಮೇಲೆ, 1976ರಲ್ಲಿ, ಮಾಸ್ಕೋದಲ್ಲಿ ವಿಕ್ಟರ್ ಕೋಮರ್ ತೋರಿಸಿದ ಹೊಲೊಗ್ರಾಂ ಸಿನಿಮಾ ನಡೆದದ್ದು 47 ಸೆಕೆಂಡು ಮಾತ್ರ. ಅದರಲ್ಲೂ ಇದ್ದವಳು ಹೂಗೊಂಚಲು ಹಿಡಿದ ಒಬ್ಬ ಹೆಣ್ಣುಮಗಳು. ಒಮ್ಮೆಗೆ ಬೆರಳೆಣಿಕೆಯ ಮಂದಿ ಮಾತ್ರ ಕೂತು ನೋಡಬಹುದಾಗಿತ್ತು. ಯಾವ ಹೊಸ ಯಂತ್ರ ಬಂದರೂ ಅದರ ಮುಂದೆ ಮೊದಲು ನಿಲ್ಲಿಸುವುದು ಹೆಣ್ಣನ್ನೇ, ಅದರ ಹಿಂದೆ ನಿಂತವಳ ಹೆಸರು ಮಾತ್ರ ಹುಡುಕಿ ತೆಗೆಯಬೇಕಾಗುತ್ತದೆ.

ಇದೆಲ್ಲ ಯಾಕೆ ಬೇಕು, ಈಗಿನ ಟಿ.ವಿ. ಸಾಲದೆ ಎಂದು ನೀವು ಕೇಳಬಹುದು. ನಮ್ಮ ಅತ್ತೆಯನ್ನು ನೋಡಿದರೆ ನನಗೆ ಆ ಪ್ರಶ್ನೆ ಏಳುವುದಿಲ್ಲ. ಹೊರದೇಶದಲ್ಲಿರುವ ಮೊಮ್ಮಗಳು ಫೋನಿನ ಪರದೆಯಲ್ಲಿ ಕಾಣಿಸಿಕೊಂಡಾಗ ಅವರು ಮಾತಿನ ನಡುವೆ ಪಕ್ಕಕ್ಕೆ ವಾಲುತ್ತಾರೆ, ಕತ್ತು ಉದ್ದ ಮಾಡುತ್ತಾರೆ. ಹುಡುಗಿಯ ಬೆನ್ನ ಹಿಂದೆ ಜಡೆ ಎಷ್ಟುದ್ದ ಬೆಳೆದಿದೆ ಎಂದು ನೋಡಬೇಕು! ಎಷ್ಟು ವಾಲಿದರೂ ಪರದೆ ಅದೇ ಮುಖವನ್ನು ತೋರಿಸುತ್ತದೆ. ಪಕ್ಕಕ್ಕೆ ಬಗ್ಗಿ ನೋಡುವುದು ಕಣ್ಣಿಗೆ ಹುಟ್ಟಿನಿಂದ ಬಂದ ಹಕ್ಕು. ಫೋಟೋ, ಸಿನಿಮಾ, ಟಿ.ವಿ., ಫೋನು ಎಲ್ಲವೂ ನಮಗೆ ಬಹಳ ಕೊಟ್ಟು, ಈ ಒಂದನ್ನು ಕಸಿದುಕೊಂಡವು. ಹೊಲೊಗ್ರಾಂ ವಿಡಿಯೊ ಮರಳಿ ಕೊಡಬೇಕಾಗಿರುವುದು ಅದನ್ನೇ.

ಹಾಗಾದರೆ ಅಡ್ಡಿ ಏನು? ಲೆಕ್ಕ ನೋಡಿ. ಒಳ್ಳೆಯ ಹೊಲೊಗ್ರಾಮಿನ ರಂಗೋಲಿಯಲ್ಲಿ ಮಿಲಿಮೀಟರಿಗೆ ಸಾವಿರ ಗೆರೆಗಳಾದರೂ ಇರಬೇಕು. ಅಂದರೆ ಸಾಸಿವೆ ಕಾಳು ಕೂರುವಷ್ಟು ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹತ್ತು ಲಕ್ಷ ಚುಕ್ಕೆ. ಉದ್ದಗಲ 30 ಸೆಂಟಿಮೀಟರ್ ಇರುವ ಪರದೆಗೆ ಒಂಬತ್ತು ಸಾವಿರ ಕೋಟಿ ಚುಕ್ಕೆ. ಅದು ಒಂದೇ ಚಿತ್ರಕ್ಕೆ. ಚಲಿಸಬೇಕಾದರೆ ಸೆಕೆಂಡಿಗೆ ಇಂಥ ಮೂವತ್ತು ಚಿತ್ರ. ಬಣ್ಣ ಬೇಕೆಂದರೆ ಮತ್ತೆ ಮೂರರಿಂದ ಗುಣಿಸಿ. ಇಷ್ಟು ಚುಕ್ಕೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರೂ ಇರಲಿಲ್ಲ, ತೋರಿಸುವ ಪರದೆಯೂ ಇರಲಿಲ್ಲ.

ಸ್ಟೀಫನ್ ಬೆಂಟನ್ ಇಲ್ಲಿ ಬರುತ್ತಾರೆ. ನನ್ನ ಮಟ್ಟಿಗೆ ಈ ಕತೆಯ ನಾಯಕ ಇವರೇ. 1941ರಲ್ಲಿ ಹುಟ್ಟಿದ ಈ ಅಮೆರಿಕನ್ನರು ಪೋಲರಾಯ್ಡ್ ಕಂಪನಿಯಲ್ಲಿದ್ದಾಗ, 1968ರಲ್ಲಿ, ಕೇಳಲು ತೀರ ಸರಳವೆನಿಸುವ ಒಂದು ಪ್ರಶ್ನೆ ಎತ್ತಿಕೊಂಡರು. ನಮ್ಮ ಎರಡು ಕಣ್ಣು ಇರುವುದು ಅಕ್ಕಪಕ್ಕದಲ್ಲಿ, ಒಂದರ ಮೇಲೊಂದಲ್ಲ. ಆಳ ತಿಳಿಯುವುದು ಎಡಬಲದ ವ್ಯತ್ಯಾಸದಿಂದ. ಹಾಗಿರುವಾಗ ಮೇಲೆ ಕೆಳಗೆ ಬಗ್ಗಿದಾಗ ಕಾಣುವ ವ್ಯತ್ಯಾಸವನ್ನೂ ಹೊಲೊಗ್ರಾಂ ಯಾಕೆ ಹೊತ್ತು ತಿರುಗಬೇಕು? ಅದನ್ನು ಕೈಬಿಟ್ಟರು. ಕೂಡಲೇ ಹೊಲೊಗ್ರಾಮಿಗೆ ಲೇಸರ್ ದೀಪದ ಹಂಗು ತಪ್ಪಿತು. ಸಾಧಾರಣ ಬಿಳಿ ಬೆಳಕಿನಲ್ಲೂ ಕಾಮನಬಿಲ್ಲಿನ ಬಣ್ಣದಲ್ಲಿ ಚಿತ್ರ ಎದ್ದು ಕಾಣತೊಡಗಿತು. ಕ್ರಾಸ್ ಅವರ ಮುತ್ತೂದುವ ಹುಡುಗಿಗೆ ಬಲ್ಬು ಸಾಕಾದದ್ದು ಇದೇ ಉಪಾಯದಿಂದ. ಗ್ರಾಮಾಫೋನ್ ತಟ್ಟೆ ಒತ್ತಿದಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚೊತ್ತುವ ವಿಧಾನ ಇದಕ್ಕೆ ಕೂಡಿಕೊಂಡ ಮೇಲೆ ಮಾಸ್ಟರ್‌ಕಾರ್ಡ್ 1983ರಲ್ಲಿ ತನ್ನ ಕಾರ್ಡುಗಳ ಮೇಲೆ ಹೊಲೊಗ್ರಾಂ ಅಂಟಿಸಿತು. ಮರುವರ್ಷ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟದ ಮೇಲೆ ಹೊಲೊಗ್ರಾಂ ಹದ್ದು ಬಂತು. ನಿಮ್ಮ ಮತದಾರರ ಚೀಟಿಯ ಬೆಳ್ಳಿ ಮುದ್ರೆ ಈ ವಂಶದ ಕುಡಿ.

ಎಂ.ಐ.ಟಿ.ಯ ಮೀಡಿಯಾ ಲ್ಯಾಬ್ ಸೇರಿದ ಬೆಂಟನ್ ತಮ್ಮ ಶಿಷ್ಯರೊಡನೆ ಚಲಿಸುವ ಹೊಲೊಗ್ರಾಮಿಗೆ ಕೈಹಾಕಿದರು. ಹಳೆಯ ಜಾಣತನವನ್ನೇ ಮತ್ತೆ ಬಳಸಿದರು: ಎಡಬಲ ಮಾತ್ರ, ಮೇಲೆ ಕೆಳಗೆ ಬೇಡ. ಲೆಕ್ಕದ ಹೊರೆ ಬಹಳಷ್ಟು ಇಳಿಯಿತು. ಪರದೆಯ ಬದಲು ಹರಳೊಂದನ್ನು ಬಳಸಿದರು. ಹರಳಿಗೆ ಕಿವಿಗೆ ಕೇಳದಷ್ಟು ಎತ್ತರದ ಧ್ವನಿಯನ್ನು ಹಾಯಿಸಿದರೆ ಅದರೊಳಗೆ ಒತ್ತಡದ ಗೆರೆಗಳು ಏಳುತ್ತವೆ. ಆ ಗೆರೆಗಳೇ ರಂಗೋಲಿ, ಅವುಗಳಿಗೆ ಬಡಿದ ಲೇಸರ್ ಬಾಗಿ ಚಿತ್ರವಾಗುತ್ತದೆ. ಧ್ವನಿಯಿಂದ ಬೆಳಕನ್ನು ತಿದ್ದುವುದು! ಆದರೆ ಧ್ವನಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅದರೊಡನೆ ಚಿತ್ರವೂ ಜಾರಿಹೋಗುತ್ತದೆ. ಅದಕ್ಕೆ ತಿರುಗುವ ಕನ್ನಡಿಯೊಂದನ್ನು ಇಟ್ಟು, ಅಲೆ ಓಡಿದಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ನೋಟವನ್ನು ಸರಿಸಿ ಚಿತ್ರವನ್ನು ನಿಲ್ಲಿಸಿದರು. 1930ರ ದಶಕದಲ್ಲಿ ಲಂಡನ್ನಿನ ಸ್ಕೋಫನಿ ಎಂಬ ಟಿ.ವಿ. ಕಂಪನಿ ಬಳಸಿ, ಆಮೇಲೆ ಜನ ಮರೆತಿದ್ದ ತಂತ್ರ ಅದು. ಅಟ್ಟದ ಮೇಲಿಟ್ಟ ಸಾಮಾನು ಒಂದು ದಿನ ಉಪಯೋಗಕ್ಕೆ ಬಂದಂತೆ.

1989ರಲ್ಲಿ ‘ಮಾರ್ಕ್ 1’ ಕೆಲಸ ಮಾಡಿತು. ಚಿತ್ರ ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣದು, ಬಣ್ಣ ಕೆಂಪೊಂದೇ. ಲೆಕ್ಕ ಹಾಕಲು ಸಾವಿರಾರು ಪುಟ್ಟ ಗಣಕಗಳನ್ನು ಸೇರಿಸಿ ಕಟ್ಟಿದ ‘ಕನೆಕ್ಷನ್ ಮಷೀನ್’ ಎಂಬ ದೈತ್ಯ ಬೇಕಾಯಿತು. 1990ರ ದಶಕದ ಆರಂಭದಲ್ಲಿ ‘ಮಾರ್ಕ್ 2’ ಬಂತು. ಚಿತ್ರ 15 ಸೆಂಟಿಮೀಟರ್ ಅಗಲಕ್ಕೆ ಬೆಳೆಯಿತು. ಧ್ವನಿ ಹಾಯುವ ದಾರಿ ಒಂದು ಸಾಲದೆ 18 ಆಯಿತು. ಒಂದೊಂದು ಚಿತ್ರಕ್ಕೂ 36 ಮೆಗಾಬೈಟ್ ಮಾಹಿತಿ. ಆ ಕಾಲದ ಮನೆಗಳ ಕಂಪ್ಯೂಟರಿಗೆ ಒಟ್ಟು ನೆನಪಿನ ಶಕ್ತಿಯೇ ಅಷ್ಟಿರಲಿಲ್ಲ. ಜಗತ್ತಿನ ಮೊದಲ ಹೊಲೊಗ್ರಾಂ ವಿಡಿಯೊ ಎಂಬ ಕೀರ್ತಿ ಸಿಕ್ಕಿತು, ಆದರೆ ಅದನ್ನು ಕೊಳ್ಳುವವರಾರು? ಬೆಂಟನ್ 2003ರ ನವೆಂಬರಿನಲ್ಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ಇನ್ನೂ ಅರವತ್ತೆರಡು ತುಂಬಿರಲಿಲ್ಲ.

ಇಂಥ ಕಡೆ ಸಾಮಾನ್ಯವಾಗಿ ಕತೆ ಮುಗಿಯುತ್ತದೆ. ಗುರುವಿನ ಯಂತ್ರಕ್ಕೆ ಧೂಳು ಹಿಡಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಅದೇ ಸಂಸ್ಥೆಯ ಮೈಕೇಲ್ ಬೋವ್ ಮತ್ತವರ ವಿದ್ಯಾರ್ಥಿಗಳು ಇದನ್ನು ಮುಂದುವರಿಸಿದರು. ಅವರು ಹಾಕಿಕೊಂಡ ಷರತ್ತು ನನಗೆ ಬಹಳ ಹಿಡಿಸಿತು: ಇನ್ನು ಮುಂದೆ ದೈತ್ಯ ಯಂತ್ರಗಳು ಬೇಡ, ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಆಗಬೇಕು. 2010ರ ಕೊನೆಗೆ ಮೈಕ್ರೋಸಾಫ್ಟ್ ಮಕ್ಕಳ ವಿಡಿಯೊ ಆಟಕ್ಕೆಂದು ‘ಕೈನೆಕ್ಟ್’ ಕ್ಯಾಮೆರಾ ಮಾರಾಟಕ್ಕಿಟ್ಟಿತು. ಎದುರಿಗಿರುವುದು ಎಷ್ಟು ದೂರದಲ್ಲಿದೆ ಎಂದು ಅಳೆಯಬಲ್ಲ ಆಟಿಕೆ. ಮೂರು ತಿಂಗಳೊಳಗೆ, 2011ರ ಜನವರಿಯಲ್ಲಿ, ಆ ಆಟಿಕೆ ಮತ್ತು ಆಟವಾಡುವವರು ಬಳಸುವ ಚಿತ್ರ-ಕಾರ್ಡುಗಳ ನೆರವಿನಿಂದ ಜೀವಂತ ವ್ಯಕ್ತಿಯೊಬ್ಬರ ಹೊಲೊಗ್ರಾಮನ್ನು ಸೆಕೆಂಡಿಗೆ 15 ಚಿತ್ರಗಳಂತೆ ಕಳಿಸಿ ತೋರಿಸಿದರು. ವಿದ್ಯಾರ್ಥಿನಿಯೊಬ್ಬಳು 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ರಾಜಕುಮಾರಿ ಲಿಯಾಳ ವೇಷ ಹಾಕಿ ಅದರಲ್ಲಿ ಕಾಣಿಸಿಕೊಂಡಳು. ತೋರಿಸಿದ ಪರದೆ ಮಾತ್ರ ಬೆಂಟನ್ ಬಿಟ್ಟುಹೋದ ಹಳೆಯ ‘ಮಾರ್ಕ್ 2’.

ಆ ಪರದೆಯನ್ನೂ ಅಗ್ಗ ಮಾಡಿದವರು ಡೇನಿಯಲ್ ಸ್ಮಾಲಿ ಎಂಬ ವಿದ್ಯಾರ್ಥಿ. ದೊಡ್ಡ ಹರಳುಗಳ ಬದಲು ಲಿಥಿಯಂ ನಯೋಬೇಟ್ ಎಂಬ ವಸ್ತುವಿನ ತೆಳ್ಳನೆಯ ಬಿಲ್ಲೆ ತೆಗೆದುಕೊಂಡರು. ಟಿ.ವಿ., ಫೋನುಗಳ ಬಿಡಿಭಾಗಗಳಲ್ಲಿ ಬಳಕೆಯಲ್ಲಿದ್ದ ವಸ್ತುವೇ ಅದು. ಬಿಲ್ಲೆಯ ಮೈಯೊಳಗೆ ಬೆಳಕು ಹರಿಯಲು ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳು, ಮೇಲೆ ಧ್ವನಿಯ ಅಲೆ ಎಬ್ಬಿಸುವ ಲೋಹದ ಎಳೆಗಳು. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಕಾಲುವೆಯಲ್ಲಿ ಹರಿಸಿ, ಬೇರೆ ಬೇರೆ ಶ್ರುತಿಯ ಧ್ವನಿಯಿಂದ ಬೇರ್ಪಡಿಸಬಹುದೆಂದು ಅವರು ಕಂಡುಕೊಂಡರು. ಅಂತೂ ಅಗ್ಗದ ಬಿಲ್ಲೆಯಿಂದಲೇ ಚಲಿಸುವ ಹೊಲೊಗ್ರಾಮಿಗೆ ಬಣ್ಣ ತರುವಂತಾಯಿತು. ಈ ಕೆಲಸ 2013ರ ಜೂನಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಲ್ಲೆಗೆ ತಗುಲಿದ ಖರ್ಚು ಸುಮಾರು ಹತ್ತು ಡಾಲರ್. ಆಗಿನ ಲೆಕ್ಕದಲ್ಲಿ ಆರುನೂರು ರೂಪಾಯಿಯ ಆಸುಪಾಸು, ಒಂದು ಸಾಧಾರಣ ಹತ್ತಿ ಸೀರೆಯ ಬೆಲೆ. ಹತ್ತು ಡಾಲರ್ ಬಿಲ್ಲೆಗೆ ಮಾತ್ರ, ಅದನ್ನು ಮಾಡಲು ಬೇಕಾದ ಪ್ರಯೋಗಶಾಲೆಗಲ್ಲ ಎಂಬುದನ್ನು ನಾವು ಗೃಹಿಣಿಯರು ಗಮನಿಸದೆ ಇರುವುದಿಲ್ಲ. ಆದರೂ ಅದೇ ವರ್ಷ ಈ ಗುಂಪು ಬರೆದ ಇನ್ನೊಂದು ಪ್ರಬಂಧದ ತಲೆಬರಹ ‘ಎಲ್ಲರಿಗೂ ಹೊಲೊವಿಡಿಯೊ’ ಎಂಬರ್ಥದ್ದು. ವಿಜ್ಞಾನದ ಪ್ರಬಂಧಗಳಿಗೆ ಇಂಥ ಹೆಸರು ಅಪರೂಪ.

ನಡುವೆ ಒಂದು ಮಾತು. ಚುನಾವಣಾ ಸಭೆಗಳಲ್ಲಿ, ಸಂಗೀತ ಕಾರ್ಯಕ್ರಮಗಳಲ್ಲಿ ಆಳೆತ್ತರದ ‘ಹೊಲೊಗ್ರಾಂ’ ಬಂದು ಮಾತಾಡಿತು, ಹಾಡಿತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಂಥ ವೇದಿಕೆಯ ಆಟಗಳು ಬಹುಪಾಲು ಹೊಲೊಗ್ರಾಂ ಅಲ್ಲ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯಲ್ಲಿ ಕಾಣುವ ಪ್ರತಿಬಿಂಬ. ಲಂಡನ್ನಿನಲ್ಲಿ 1862ರ ಕ್ರಿಸ್‌ಮಸ್ ಹೊತ್ತಿಗೆ ಪೆಪ್ಪರ್ ಎಂಬುವರು ಗಾಜಿನ ಹಲಗೆ ಇಟ್ಟು ರಂಗದ ಮೇಲೆ ದೆವ್ವ ತರಿಸಿದ ಯುಕ್ತಿಯೇ ಇದು. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖ ಹೊರಗಿನ ಮರಗಳ ನಡುವೆ ತೇಲುತ್ತದಲ್ಲ, ಅದೇ. ಪಕ್ಕಕ್ಕೆ ಬಗ್ಗಿ ನೋಡಿ, ಅಲ್ಲಿ ಜಡೆ ಕಾಣುವುದಿಲ್ಲ.

ಲೆಕ್ಕದ ಹೊರೆಯೂ ಈಚೆಗೆ ಇಳಿದಿದೆ. ಎಂ.ಐ.ಟಿ.ಯ ಲಿಯಾಂಗ್ ಶಿ ಮತ್ತು ಸಂಗಡಿಗರು 2021ರಲ್ಲಿ ನಾಲ್ಕು ಸಾವಿರ ಚಿತ್ರಜೋಡಿಗಳನ್ನು ಕಂಪ್ಯೂಟರಿಗೆ ತೋರಿಸಿ ಹೊಲೊಗ್ರಾಮಿನ ರಂಗೋಲಿ ಹಾಕುವುದನ್ನು ಕಲಿಸಿದರು. ಕಲಿತ ಮೇಲೆ ಅದಕ್ಕೆ ಪ್ರತಿ ಗೆರೆಯನ್ನೂ ಮೊದಲಿಂದ ಲೆಕ್ಕ ಹಾಕಬೇಕಾದ ಅಗತ್ಯ ಉಳಿಯಲಿಲ್ಲ. ದೈತ್ಯ ಯಂತ್ರ ಮಾಡುತ್ತಿದ್ದ ಕೆಲಸ ಕೈಫೋನಿಗೂ ಎಟುಕುವಂತಾಯಿತು. ಬೇಕಾದ ನೆನಪಿನ ಜಾಗ ಒಂದು ಮೆಗಾಬೈಟಿಗೂ ಕಡಿಮೆ. ಚುಕ್ಕೆ ಎಣಿಸದೆ ಬಳ್ಳಿ ಎಳೆಯುವ ಹಳೆಯ ಕೈಗಳು ನಿಮ್ಮ ಬೀದಿಯಲ್ಲೂ ಇದ್ದಾವು.

ಸ್ಮಾಲಿ ಮುಂದೆ ಯೂಟಾದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು. ಅಲ್ಲಿ ಅವರು ಹೊಲೊಗ್ರಾಮನ್ನೇ ಬಿಟ್ಟು ಬೇರೊಂದನ್ನು ಹಿಡಿದರು. ಹೊಲೊಗ್ರಾಂ ಎಷ್ಟಾದರೂ ಒಂದು ಕಿಟಕಿ. ನೋಡುವವರ ಕಣ್ಣಿಗೂ ಚಿತ್ರಕ್ಕೂ ಹಿಂದೆ ಪರದೆ ಇರಲೇಬೇಕು. ಲಿಯಾ ರಾಜಕುಮಾರಿಯ ಸುತ್ತ ನಡೆದು ಅವಳ ಬೆನ್ನು ನೋಡಬೇಕೆಂದರೆ ಅದರಿಂದಾಗದು. 2018ರ ಜನವರಿಯಲ್ಲಿ ಅವರ ತಂಡ ತೋರಿಸಿದ್ದು ಹೀಗೆ: ಕಣ್ಣಿಗೆ ಅಷ್ಟಾಗಿ ಕಾಣದ ಲೇಸರಿನಿಂದ ನಾರಿನ ಒಂದು ಸೂಕ್ಷ್ಮ ಕಣವನ್ನು ಗಾಳಿಯಲ್ಲಿ ಹಿಡಿದು ಬೇಗ ಬೇಗ ಓಡಾಡಿಸಿ, ಕೆಂಪು ಹಸಿರು ನೀಲಿ ಬೆಳಕನ್ನು ಅದರ ಮೇಲೆ ಹಾಯಿಸುವುದು. ದೀಪಾವಳಿಯ ಕತ್ತಲಲ್ಲಿ ಮಕ್ಕಳು ಸುರುಸುರುಬತ್ತಿ ತಿರುಗಿಸಿ ಗಾಳಿಯಲ್ಲಿ ಹೆಸರು ಬರೆಯುತ್ತಾರಲ್ಲ, ಹಾಗೆ. ಅವರು ಬರೆದ ಚಿತ್ರಗಳಲ್ಲಿ ಒಂದು, ಪ್ರಯೋಗಶಾಲೆಯ ಬಿಳಿ ಕೋಟು ತೊಟ್ಟು ಲಿಯಾಳಂತೆ ಬಗ್ಗಿ ನಿಂತ ವಿದ್ಯಾರ್ಥಿಯದು. ಚಿತ್ರ ಇನ್ನೂ ಬಹಳ ಚಿಕ್ಕದು, ಬೆರಳ ತುದಿಯ ಮೇಲೆ ನಿಲ್ಲಿಸಬಹುದಾದಷ್ಟು. ಆದರೆ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಅದರ ಬೆನ್ನು ಕಾಣುತ್ತದೆ.